ಸ್ನಾನದ ನಂತರದ ತುರಿಕೆಯೂ ರಕ್ತ ಹೆಪ್ಪುಗಟ್ಟುವ ಭಯವೂ: ಪಾಲಿಸೈಥೀಮಿಯಾ ವೆರಾ

ಪ್ರಶ್ನೆ:
ನನ್ನ ತಂದೆಗೆ 63 ವರ್ಷ. ಬಿಸಿನೀರಿನ ಸ್ನಾನ ಮುಗಿದ ಕೂಡಲೇ ಮೈಯೆಲ್ಲ ಮುಳ್ಳು ಚುಚ್ಚಿದಂತೆ ತುರಿಸುತ್ತದೆ ಎಂದು ಅವರು ಎರಡು ವರ್ಷಗಳಿಂದ ಹೇಳುತ್ತಿದ್ದರೂ, ಚರ್ಮದ ಮೇಲೆ ಒಂದು ಗುಳ್ಳೆಯೂ ಕಾಣದ ಕಾರಣ ನಾವು ಸಾಬೂನು ಬದಲಿಸುತ್ತಲೇ ಕಾಲ ಕಳೆದೆವು. ಕಳೆದ ತಿಂಗಳು ಹಿಮೋಗ್ಲೋಬಿನ್ 18.4, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ. 56 ಎಂದು ವರದಿ ಬಂದು, ಜೀನ್ ಬದಲಾವಣೆಯನ್ನು ಹುಡುಕುವ ಜೆಎಕೆ2 ಪರೀಕ್ಷೆಯೂ ಪಾಸಿಟಿವ್ ಆಗಿ, ಮೂಳೆಮಜ್ಜೆ ಕೆಂಪುಕಣಗಳನ್ನು ಅತಿಯಾಗಿ ತಯಾರಿಸುವ ಪಾಲಿಸೈಥೀಮಿಯಾ ವೆರಾ ರೋಗವೆಂದರು. ಎರಡು ಸಲ ರಕ್ತ ತೆಗೆದು ಆಸ್ಪಿರಿನ್ ಆರಂಭಿಸಿದ್ದಾರೆ, ತುರಿಕೆ ಮಾತ್ರ ತಗ್ಗಿಲ್ಲ. ಹಾಗಾದರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ತಗ್ಗಿಲ್ಲವೆಂದೇ ತಿಳಿಯಬೇಕೇ? ಕಬ್ಬಿಣದ ಅಂಶ ಕಡಿಮೆಯಿದ್ದರೂ ಅದರ ಮಾತ್ರೆ ಬೇಡವೆಂದದ್ದೇಕೆ?

ಉತ್ತರ 1:
ತುರಿಕೆಯನ್ನು ಅಪಾಯದ ಅಳತೆಗೋಲಾಗಿ ಹಿಡಿಯಬೇಡಿ. ವಯಸ್ಸು 60 ದಾಟಿದೆಯೇ, ಹಿಂದೆ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ ಎಂಬ ಎರಡು ಸಂಗತಿಗಳನ್ನೇ ವೈದ್ಯರು ಮೊದಲು ನೋಡುತ್ತಾರೆ. ನಿಮ್ಮ ತಂದೆ ವಯಸ್ಸಿನಿಂದಲೇ ಹೆಚ್ಚು ಅಪಾಯದ ಗುಂಪಿಗೆ ಸೇರುವುದರಿಂದ ರಕ್ತಕಣಗಳ ಉತ್ಪಾದನೆ ತಗ್ಗಿಸುವ ಹೈಡ್ರಾಕ್ಸಿಯೂರಿಯಾದಂತಹ ಔಷಧದ ಮಾತು ಬರಬೇಕು. ಬಾರದಿದ್ದರೆ ನೀವೇ ಕೇಳಿ. ಹೆಮಟೋಕ್ರಿಟ್ ಶೇ. 45ಕ್ಕಿಂತ ಕೆಳಗಿರಬೇಕು. 2013ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಅದನ್ನು 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದಿಂದಾಗುವ ಸಾವು ಹಾಗೂ ಗಂಭೀರ ಹೆಪ್ಪುಗಟ್ಟುವಿಕೆ ಸುಮಾರು ನಾಲ್ಕು ಪಟ್ಟು ಕಂಡುಬಂದಿತ್ತು.

ಕಬ್ಬಿಣದ ವಿಷಯ ಸರಳ. ಮಜ್ಜೆಗೆ ಅದು ಸಿಕ್ಕಷ್ಟೂ ಕೆಂಪುಕಣಗಳು ಹೆಚ್ಚುತ್ತವೆ. ರಕ್ತ ತೆಗೆದು ಗಳಿಸಿದ್ದನ್ನು ಮಾತ್ರೆಯಿಂದ ಕಳೆದುಕೊಂಡಂತಾಗುತ್ತದೆ.

ಉತ್ತರ 2:
ನಾನು ಎಂಟು ವರ್ಷಗಳಿಂದ ಇದೇ ರೋಗಿ. ಹೆಮಟೋಕ್ರಿಟ್ 43ರಲ್ಲಿದ್ದಾಗಲೂ ತುರಿಕೆ ನನ್ನನ್ನು ಬಿಟ್ಟಿರಲಿಲ್ಲ. ಉಗುರುಬೆಚ್ಚಗಿನ ನೀರು ಬಳಸಿ, ಟವೆಲ್ಲಿನಿಂದ ಉಜ್ಜದೆ ಒತ್ತಿಕೊಂಡರೆ ಒಂದಿಷ್ಟು ವಾಸಿ. ಆದರೆ ಅಂಗಾಲು ಕೆಂಪಾಗಿ ಉರಿಯುತ್ತಿದ್ದದ್ದು ಬೇರೆಯೇ ಕಥೆ. ಅದು ಸಣ್ಣ ರಕ್ತನಾಳಗಳಲ್ಲಿ ಪ್ಲೇಟ್‌ಲೆಟ್‌ಗಳು ಒಟ್ಟುಗೂಡುವುದರಿಂದ ಬರುವ ಉರಿಯಂತೆ, ಆಸ್ಪಿರಿನ್ ಶುರುವಾದ ಕೆಲವೇ ದಿನಗಳಲ್ಲಿ ಇಳಿಯಿತು. ತಂದೆಯವರಿಗೆ ಅಂತಹ ಉರಿಯಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ಉತ್ತರ 3:
ಮೇಲಿನ ಮಾತುಗಳಿಗೆ ಒಂದು ಸೇರಿಕೆ. ಪ್ಲೇಟ್‌ಲೆಟ್ ಎಣಿಕೆ 10 ಲಕ್ಷ ಮೀರಿದ್ದರೆ ಆಸ್ಪಿರಿನ್‌ನಿಂದ ರಕ್ತಸ್ರಾವವಾಗುವ ಸಾಧ್ಯತೆಯಿದೆ, ಆದ್ದರಿಂದ ಆ ಸಂಖ್ಯೆಯನ್ನೂ ಕೇಳಿ ತಿಳಿದುಕೊಳ್ಳಿ. ಬಾಯಿ ಸೊಟ್ಟಗಾಗುವುದು, ಎದೆನೋವು, ಒಂದೇ ಕಾಲು ಊದಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಲಕ್ಷಣಗಳು. ಈ ರೋಗದಲ್ಲಿ ಯಕೃತ್ತಿನ ಅಭಿಧಮನಿಯಲ್ಲೂ ರಕ್ತ ಹೆಪ್ಪುಗಟ್ಟಬಹುದಾದ್ದರಿಂದ, ಬಲಪಕ್ಕೆಯ ಕೆಳಗೆ ನೋವು ಬಂದು ಹೊಟ್ಟೆ ಊದತೊಡಗಿದರೆ ಗ್ಯಾಸೆಂದು ಮಾತ್ರೆ ನುಂಗಿಸದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.