ವ್ಯಾಕರಣ ಸರಿಯಿದೆ, ಆದರೂ ನನ್ನ ಇಂಗ್ಲಿಷ್ ವಾಕ್ಯ ಓದುವವರಿಗೆ ತಲುಪುತ್ತಿಲ್ಲ

ಅಲ್ಪವಿರಾಮ:

ಎಲ್ಲರಿಗೂ ನಮಸ್ಕಾರ. ಕಚೇರಿಯಲ್ಲಿ ದಿನವೂ ಇಂಗ್ಲಿಷಿನಲ್ಲಿ ಇಮೇಲ್ ಬರೆಯುತ್ತೇನೆ. ತಪ್ಪು ಹುಡುಕುವ ತಂತ್ರಾಂಶ ಒಂದೂ ಕೆಂಪು ಗೆರೆ ಎಳೆಯುವುದಿಲ್ಲ. ಆದರೂ ಓದಿದವರು ಮತ್ತೆ ಮತ್ತೆ ಕೇಳುವುದು ಒಂದೇ: ‘ಈಗ ನಾನು ಏನು ಮಾಡಬೇಕು?’ ನಿನ್ನೆ ಕಳುಹಿಸಿದ ವಾಕ್ಯ ಇದು:

‘ದಿ ರಿಪೋರ್ಟ್ ವಿಚ್ ವಾಸ್ ಪ್ರಿಪೇರ್ಡ್ ಬೈ ಅವರ್ ಟೀಮ್ ಆಫ್ಟರ್ ದಿ ಎಕ್ಸಾಮಿನೇಶನ್ ಆಫ್ ದಿ ಎರರ್ಸ್ ದಟ್ ವರ್ ಫೌಂಡ್ ಇನ್ ದಿ ಡೇಟಾ ಹ್ಯಾಸ್ ಬೀನ್ ಸೆಂಟ್ ಫಾರ್ ಯುವರ್ ಅಪ್ರೂವಲ್.’

ಮೂರು ಸಲ ಓದಿದೆ. ನನಗಂತೂ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿದೆ. ಎಡವಟ್ಟು ಎಲ್ಲಿ?

ಮೂರನೇಬೆಂಚು:

ವಾಕ್ಯ ಉದ್ದವಾಗಿದೆ, ಅಷ್ಟೇ. ತುಂಡು ಮಾಡಿ.

ಅಲ್ಪವಿರಾಮ:

ಮಾಡಿ ನೋಡಿದೆ: ‘ವಿ ಫೌಂಡ್ ಎರರ್ಸ್. ವಿ ಎಕ್ಸಾಮಿನ್ಡ್ ದೆಮ್. ವಿ ಪ್ರಿಪೇರ್ಡ್ ಎ ರಿಪೋರ್ಟ್. ದಿ ರಿಪೋರ್ಟ್ ಹ್ಯಾಸ್ ಬೀನ್ ಸೆಂಟ್. ಯುವರ್ ಅಪ್ರೂವಲ್ ಈಸ್ ನೀಡೆಡ್.’ ಒಂದನೇ ತರಗತಿಯ ಪಾಠದಂತಿದೆ. ಇದನ್ನು ಮೇಲಧಿಕಾರಿಗೆ ಕಳುಹಿಸಲು ನನಗೆ ಧೈರ್ಯವಿಲ್ಲ.

ಕರಡುತಿದ್ದುವವ:

ಉದ್ದವನ್ನು ದೂರಬೇಡಿ. ಉದ್ದವಾಗಿದ್ದೂ ಸಲೀಸಾಗಿ ಓದಿಸಿಕೊಳ್ಳುವ ವಾಕ್ಯಗಳು ಬೇಕಾದಷ್ಟಿವೆ. ನಿಮ್ಮ ಮೊದಲ ವಾಕ್ಯದಲ್ಲಿ ‘ರಿಪೋರ್ಟ್’ ಎಂಬ ಕರ್ತೃಪದ ಎಲ್ಲಿದೆ, ಅದರ ಕ್ರಿಯಾಪದ ‘ಹ್ಯಾಸ್ ಬೀನ್ ಸೆಂಟ್’ ಎಲ್ಲಿದೆ, ಎಣಿಸಿ. ನಡುವೆ 18 ಪದಗಳಿವೆ. ವರದಿಗೆ ಏನಾಯಿತು ಎಂದು ತಿಳಿಯಲು ಓದುವವರು ಅಷ್ಟೂ ಪದಗಳನ್ನು ತಲೆಯ ಮೇಲೆ ಹೊತ್ತುಕೊಂಡು ನಡೆಯಬೇಕು.

ನಿಮಗೆ ಆ ಭಾರ ಏಕೆ ತಿಳಿಯಲಿಲ್ಲ ಎಂಬುದಕ್ಕೂ ಕಾರಣವಿದೆ. ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ: ‘ದತ್ತಾಂಶದಲ್ಲಿ ಕಂಡ ತಪ್ಪುಗಳನ್ನು ಪರಿಶೀಲಿಸಿ ನಮ್ಮ ತಂಡ ಸಿದ್ಧಪಡಿಸಿದ ವರದಿಯನ್ನು ನಿಮ್ಮ ಒಪ್ಪಿಗೆಗಾಗಿ ಕಳುಹಿಸಿದ್ದೇವೆ.’ ನೀರು ಹರಿದಂತೆ ಹೋಗುತ್ತದೆ. ‘ಕಂಡ’, ‘ಸಿದ್ಧಪಡಿಸಿದ’ ಇವೆಲ್ಲ ನಾಮಪದಕ್ಕಿಂತ ಮೊದಲೇ ಬಂದು ತಮ್ಮ ಕೆಲಸ ಮುಗಿಸುತ್ತವೆ. ‘ವರದಿಯನ್ನು’ ಎನ್ನುವ ಹೊತ್ತಿಗೆ ಅದರ ಕಥೆ ಹೇಳಿ ಆಗಿರುತ್ತದೆ. ಇಂಗ್ಲಿಷಿನಲ್ಲಿ ‘ವಿಚ್’, ‘ದಟ್’ ಎಂದು ಶುರುವಾಗುವ ಕಥೆಯೆಲ್ಲ ನಾಮಪದದ ಹಿಂದೆ ಬರುತ್ತದೆ. ಬಂದು ಕ್ರಿಯಾಪದದ ದಾರಿಗೆ ಅಡ್ಡ ಕುಳಿತುಕೊಳ್ಳುತ್ತದೆ. ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯುವುದು ನಮಗೆ ಹುಟ್ಟಿನಿಂದ ರೂಢಿ. ಇಂಗ್ಲಿಷ್ ಓದುಗನಿಗೆ ಆ ತಾಳ್ಮೆಯಿಲ್ಲ. ಅವನು ಕರ್ತೃವಿನ ಪಕ್ಕದಲ್ಲೇ ಕ್ರಿಯೆಯನ್ನು ಹುಡುಕುತ್ತಾನೆ.

ಇನ್ನೊಂದು ಗಂಟು ‘ಎಕ್ಸಾಮಿನೇಶನ್ ಆಫ್’. ‘ಎಕ್ಸಾಮಿನ್’ ಎಂಬ ಒಳ್ಳೆಯ ಕ್ರಿಯಾಪದವನ್ನು ನಾಮಪದದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೀರಿ. ನಮ್ಮಲ್ಲೂ ‘ಪರಿಶೀಲಿಸಿದರು’ ಎನ್ನುವ ಬದಲು ‘ಪರಿಶೀಲನೆಯನ್ನು ಕೈಗೊಳ್ಳಲಾಯಿತು’ ಎಂದು ಬರೆಯುವವರಿದ್ದಾರಲ್ಲ, ಅದೇ ರೋಗ. ನಾನೂ ಬಹಳ ವರ್ಷ ಆ ರೋಗಿಯೇ ಆಗಿದ್ದೆ. ‘ಮೇಕ್ ಎ ಡಿಸಿಷನ್’ ಎಂದು ಬರೆದರೆ ‘ಡಿಸೈಡ್’ ಎನ್ನುವುದಕ್ಕಿಂತ ತೂಕ ಹೆಚ್ಚು ಎಂದು ನಂಬಿದ್ದೆ.

ಯಾರು, ಏನು ಮಾಡಿದರು? ಅವೆರಡನ್ನು ಪಕ್ಕಪಕ್ಕ ಇಡಿ, ಉಳಿದದ್ದನ್ನು ಹಿಂದೆ ಬಿಡಿ: ‘ವಿ ಎಕ್ಸಾಮಿನ್ಡ್ ದಿ ಎರರ್ಸ್ ಇನ್ ದಿ ಡೇಟಾ. ಅವರ್ ರಿಪೋರ್ಟ್ ಈಸ್ ಅಟ್ಯಾಚ್ಡ್ ಫಾರ್ ಯುವರ್ ಅಪ್ರೂವಲ್.’ 26 ಪದಗಳಿದ್ದದ್ದು 14ಕ್ಕೆ ಇಳಿಯಿತು. ಓದುವವರಿಂದ ಏನು ಬೇಕೋ ಆ ಮಾತು ಕೊನೆಯಲ್ಲಿ ನಿಂತಿದೆ. ಇಂಗ್ಲಿಷ್ ವಾಕ್ಯದಲ್ಲಿ ಒತ್ತು ಸಹಜವಾಗಿ ಬೀಳುವ ಜಾಗ ಅದು.

ಮೂರನೇಬೆಂಚು:

‘ಈಸ್ ಅಟ್ಯಾಚ್ಡ್’ ಕರ್ಮಣಿ ಪ್ರಯೋಗವಲ್ಲವೇ? ಅದನ್ನು ಬಳಸಲೇಬಾರದು ಎಂದು ನಮಗೆ ಕಲಿಸಿದ್ದರು.

ಕರಡುತಿದ್ದುವವ:

ಕಲಿಸಿದವರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಅದು ಅರ್ಧ ಸತ್ಯ. ಕಡತವನ್ನು ಲಗತ್ತಿಸಿದವರು ಯಾರು ಎಂಬುದು ಇಲ್ಲಿ ಯಾರಿಗೂ ಬೇಕಿಲ್ಲ, ಹಾಗಾಗಿ ಕರ್ಮಣಿಯೇ ಸರಿ. ‘ಮಿಸ್ಟೇಕ್ಸ್ ವರ್ ಮೇಡ್’ ಎಂದು ಬರೆದು ತಪ್ಪು ಮಾಡಿದವರನ್ನು ಬಾಗಿಲ ಹಿಂದೆ ಅಡಗಿಸಿಟ್ಟಾಗ ಮಾತ್ರ ನನಗೆ ಸಿಟ್ಟು ಬರುತ್ತದೆ.

ಅಲ್ಪವಿರಾಮ:

ಬಹಳ ಉಪಕಾರವಾಯಿತು ಸರ್. ಇದೊಂದನ್ನೂ ನೋಡಿ: ‘ಓಪನಿಂಗ್ ದಿ ಫೈಲ್, ದಿ ಸ್ಕ್ರೀನ್ ವೆಂಟ್ ಬ್ಲ್ಯಾಕ್.’ ಸಹೋದ್ಯೋಗಿಯೊಬ್ಬರು ಓದಿ ನಕ್ಕರು, ಕಾರಣ ಹೇಳಲಿಲ್ಲ.

ಕರಡುತಿದ್ದುವವ:

ಫೈಲನ್ನು ಪರದೆಯೇ ತೆರೆಯಿತು ಎಂದಾಗಿದೆ, ಅದಕ್ಕೆ ನಕ್ಕರು. ನೀವು ‘ತೆರೆದಾಗ’ ಎಂದುಕೊಂಡು ಬರೆದಿದ್ದೀರಿ. ಆದರೆ ವಾಕ್ಯದ ಆರಂಭದಲ್ಲಿ ಹೀಗೆ ಬರುವ ‘ಓಪನಿಂಗ್’ ನಮ್ಮ ‘ತೆರೆದು’ ಎಂಬುದಕ್ಕೆ ಹತ್ತಿರ. ‘ಫೈಲ್ ತೆರೆದಾಗ ಪರದೆ ಕಪ್ಪಾಯಿತು’ ಎನ್ನಬಹುದು. ತೆರೆದವರು ಬೇರೆ, ಕಪ್ಪಾದದ್ದು ಬೇರೆ. ‘ಫೈಲ್ ತೆರೆದು ಪರದೆ ಕಪ್ಪಾಯಿತು’ ಎಂದರೆ ನಿಮ್ಮ ಕಿವಿಗೇ ಕಿರಿಕಿರಿಯಾಗುತ್ತದೆ, ಏಕೆಂದರೆ ಎರಡೂ ಕೆಲಸಗಳ ಕರ್ತೃ ಒಬ್ಬನೇ ಆಗಿರಬೇಕು. ಅನುಮಾನ ಬಂದಾಗ ‘-ದು’ ಹಾಕಿ ಹೇಳಿಕೊಳ್ಳಿ. ಒಗ್ಗದಿದ್ದರೆ ‘ವೆನ್ ಐ ಓಪನ್ಡ್ ದಿ ಫೈಲ್’ ಎಂದು ಬಿಡಿಸಿ ಬರೆಯಿರಿ.

ಹಾಂ, ನಿಮ್ಮ ತುಂಡು ವಾಕ್ಯಗಳ ಬಗ್ಗೆ ಹೇಳುವುದು ಮರೆತಿದ್ದೆ. ಅಲ್ಲಿ ಕಳೆದುಹೋದದ್ದು ಸಂಬಂಧ. ‘ದಿ ಸರ್ವರ್ ಸ್ಟಾಪ್ಡ್. ವಿ ಲಾಸ್ಟ್ ದಿ ಡೇಟಾ.’ ಸರ್ವರ್ ನಿಂತದ್ದರಿಂದ ದತ್ತಾಂಶ ಹೋಯಿತೇ, ಅಥವಾ ಎರಡೂ ಬೇರೆ ಬೇರೆ ಅನಾಹುತಗಳೇ? ‘ಬಿಕಾಸ್’ ಅಥವಾ ‘ಆಫ್ಟರ್’ ಹಾಕಿದರೆ ಎರಡರಲ್ಲಿ ಯಾವುದು ಎಂದು ನೀವೇ ಒಪ್ಪಿಕೊಳ್ಳಬೇಕಾಗುತ್ತದೆ.

ಅಲ್ಪವಿರಾಮ:

ಎರಡು ದಿನಗಳ ನಂತರ ಬರೆಯುತ್ತಿದ್ದೇನೆ. 14 ಪದಗಳ ಇಮೇಲ್ ಕಳುಹಿಸಿದೆ. ಹತ್ತೇ ನಿಮಿಷದಲ್ಲಿ ಉತ್ತರ ಬಂತು. ‘ಏನು ಮಾಡಬೇಕು’ ಎಂದು ಈ ಬಾರಿ ಕೇಳಲಿಲ್ಲ. ‘ಯಾವ ತಪ್ಪುಗಳು? ಎಷ್ಟು?’ ಎಂದು ಕೇಳಿದರು. ಹಳೆಯ ವಾಕ್ಯದ ಪೊದೆಯಲ್ಲಿ ಆ ಪ್ರಶ್ನೆ ಅವರಿಗೂ ಕಂಡಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ತಪ್ಪುಗಳನ್ನು ನಾನು ಎಣಿಸಿಯೇ ಇರಲಿಲ್ಲ. ಈಗ ಎಣಿಸುತ್ತಾ ಕುಳಿತಿದ್ದೇನೆ.