ಸಹಾಯ ಬೇಕು: ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಚುಚ್ಚುಮದ್ದೋ ಶಸ್ತ್ರಚಿಕಿತ್ಸೆಯೋ?

ಎಲ್ಲರಿಗೂ ನಮಸ್ಕಾರ. ನಾವು ಹೊಳಲ್ಕೆರೆ ಕಡೆಯವರು, ಅಡಿಕೆ ತೋಟದ ಮನೆ. ಅಪ್ಪನಿಗೆ 74 ವರ್ಷ. ಒಂದು ವರ್ಷದಿಂದ ರಾತ್ರಿ ಐದಾರು ಬಾರಿ ಮೂತ್ರಕ್ಕೆ ಏಳುತ್ತಿದ್ದರು. ನಮಗೆ ಎಚ್ಚರವಾಗಬಾರದೆಂದು ಹಿತ್ತಿಲ ಬಾಗಿಲಿನ ಚಿಲಕಕ್ಕೆ ಹಳೆಯ ಪಂಚೆಯ ತುಂಡು ಸುತ್ತಿಟ್ಟಿದ್ದರು. ಅದು ನನ್ನ ಕಣ್ಣಿಗೆ ಬಿದ್ದದ್ದು ಮೊನ್ನೆ. ಮೊದಲು ತೋರಿಸಿದ ಕಡೆ, ವಯಸ್ಸಾದವರಿಗೆ ಇದು ಸಾಮಾನ್ಯ ಎಂದು ಮಾತ್ರೆ ಕೊಟ್ಟು ಕಳುಹಿಸಿದರು. ಸೊಂಟನೋವು ಶುರುವಾದಾಗ ಗೊಬ್ಬರದ ಚೀಲ ಎತ್ತಿದ್ದರಿಂದ ಇರಬೇಕು ಎಂದುಕೊಂಡೆವು.

ದಾವಣಗೆರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್‌ಎ 86 ಬಂತು. ಸಾಮಾನ್ಯವಾಗಿ 4ರ ಒಳಗಿರಬೇಕಂತೆ. ಬಯಾಪ್ಸಿಯಲ್ಲಿ ಗ್ಲೀಸನ್ ಅಂಕ 8, ಅಂದರೆ ಬೇಗ ಬೆಳೆಯುವ ಬಗೆಯ ಕ್ಯಾನ್ಸರ್. ಬೆನ್ನುಮೂಳೆಗೂ ಹರಡಿದೆ. ಪೂರ್ತಿ ವಾಸಿಯಾಗದಿದ್ದರೂ, ಈ ಕ್ಯಾನ್ಸರನ್ನು ಬೆಳೆಸುವ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ತಗ್ಗಿಸಿದರೆ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು ಎಂದು ವೈದ್ಯರು ಹೇಳಿದ್ದಾರೆ. ಅದಕ್ಕೆ ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದು, ಇಲ್ಲವೇ ಆ ಹಾರ್ಮೋನ್ ತಯಾರಾಗುವ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ. ಎರಡನೆಯದು ಒಂದೇ ಬಾರಿ, ಖರ್ಚೂ ಕಡಿಮೆ. ಆ ಮಾತು ಕೇಳಿದೊಡನೆ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ಒತ್ತಾಯಿಸಲು ನನಗೆ ಮನಸ್ಸಿಲ್ಲ.

ನಿಮ್ಮ ಮನೆಯ ಹಿರಿಯರಿಗೆ ಇವೆರಡರಲ್ಲಿ ಯಾವುದನ್ನಾದರೂ ಮಾಡಿಸಿದ್ದರೆ ದಯವಿಟ್ಟು ತಿಳಿಸಿ. ಮೈ ಬಿಸಿಯೇರುವುದು, ಸುಸ್ತು, ಮೂಳೆ ಸವೆತ ಇವನ್ನೆಲ್ಲ ಹೇಗೆ ನಿಭಾಯಿಸಿದಿರಿ? ಆಯುಷ್ಮಾನ್ ಕಾರ್ಡ್‌ನಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದವರು ಶಿಫಾರಸು ಪತ್ರ ಎಲ್ಲಿ ಪಡೆದಿರಿ? ಚುಚ್ಚುಮದ್ದನ್ನು ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಹಾಕಿಸುತ್ತಿರುವವರಿದ್ದೀರಾ? ಬೆಂಗಳೂರಿನವರೆಗೆ ಬಸ್ಸಿನಲ್ಲಿ ಕೂರಲು ಅಪ್ಪನಿಂದ ಆಗುತ್ತಿಲ್ಲ. ಬೆನ್ನುಮೂಳೆಗೆ ಹರಡಿರುವುದರಿಂದ, ಕಾಲಿನ ಬಲ ಕುಂದಿದರೆ ಒಂದು ಗಂಟೆಯೂ ತಡಮಾಡದೆ ಕರೆತನ್ನಿ ಎಂದು ವೈದ್ಯರು ಎಚ್ಚರಿಸಿದ್ದಾರೆ. ದಿನವೂ ಬೆಳಗ್ಗೆ ಅವರು ನಡೆಯುವುದನ್ನೇ ನೋಡುತ್ತಾ ನಿಲ್ಲುತ್ತೇನೆ. ಸೋಮವಾರ ನಮ್ಮ ತೀರ್ಮಾನ ತಿಳಿಸಬೇಕು.