ಪ್ರಶ್ನೆಯಲ್ಲಿ ಪುಡಿಯ ಹೆಸರೇ ಇಲ್ಲ

ದೊಡ್ಡತ್ತೆ, 7:12
(ಪ್ರಶ್ನೋತ್ತರ ತಾಣವೊಂದರ ಸ್ಕ್ರೀನ್‌ಶಾಟ್) ‘ನನ್ನ ತಾಯಿಗೆ 62 ವರ್ಷ. ರಕ್ತದ ಸಕ್ಕರೆಯ ಮಟ್ಟ ತುಂಬಾ ಹೆಚ್ಚಿತ್ತು, ಎಚ್‌ಬಿಎ1ಸಿ 9.2. ಪಕ್ಕದ ಮನೆಯವರು ಹೇಳಿದ ಪುಡಿ ಕೊಟ್ಟ 3 ವಾರಕ್ಕೆ 5.4ಕ್ಕೆ ಇಳಿದಿದೆ. ಇನ್ನು ಮಾತ್ರೆ ನಿಲ್ಲಿಸಬಹುದೇ?’
ಕೆಳಗೆ ಒಬ್ಬರು ಪುಡಿಯ ಹೆಸರು, ತರಿಸೋ ನಂಬರ್ ಎಲ್ಲಾ ಕೊಟ್ಟಿದ್ದಾರೆ. ಶುಗರ್ ಇರೋರು ನೋಡ್ಕೊಳ್ಳಿ.

ಶಿವಮೊಗ್ಗ ಭಾವ, 7:20
ಅತ್ತೆ, ಇದನ್ನ ಮುಂದಕ್ಕೆ ಕಳಿಸಬೇಡಿ. ಲೆಕ್ಕವೇ ಕೂಡಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ. ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನೇ ಎಚ್‌ಬಿಎ1ಸಿ ಅಳೆಯೋದು, ಹಾಗಾಗಿ ಅದು ಎರಡು ಮೂರು ತಿಂಗಳ ಸರಾಸರಿ. 9.2 ಅಂದ್ರೆ ಸರಾಸರಿ ಶುಗರ್ 217ರ ಹತ್ತಿರ, 5.4 ಅಂದ್ರೆ 108. ಪುಡಿ ತಗೊಂಡ ದಿನವೇ 108ಕ್ಕೆ ಇಳಿದು ಅಲ್ಲೇ ನಿಂತ್ರೂ, ಒಂದು ತಿಂಗಳಿಗೆ ರಿಪೋರ್ಟ್ ಅರ್ಧ ದಾರಿ ಬರುತ್ತೆ, 7.3ರ ಆಸುಪಾಸು. 3 ವಾರಕ್ಕೆ 5.4 ಹೇಗೆ ಬರುತ್ತೆ?

ದೊಡ್ಡತ್ತೆ, 7:24
ರಿಪೋರ್ಟ್ ಫೋಟೋನೂ ಹಾಕಿದ್ದಾರಪ್ಪ. ಹೆತ್ತ ತಾಯಿ ವಿಷಯದಲ್ಲಿ ಸುಳ್ಳು ಹೇಳ್ತಾರಾ?

ಮೈಸೂರು ಅತ್ತಿಗೆ, 7:31
ಲೆಕ್ಕ ತಪ್ಪಿದ ಮಾತ್ರಕ್ಕೆ ಪ್ರಶ್ನೆ ಸುಳ್ಳು ಅನ್ನೋಕಾಗಲ್ಲ ಭಾವ. ರಕ್ತಸ್ರಾವ ಆಗಿದ್ರೆ, ರಕ್ತ ಹಾಕಿಸಿಕೊಂಡಿದ್ರೆ, ರಕ್ತಕಣ ಬೇಗ ಒಡೆಯೋ ಕಾಯಿಲೆ ಇದ್ರೆ ರೀಡಿಂಗ್ ಇರೋದಕ್ಕಿಂತ ಕಡಿಮೆ ತೋರಿಸುತ್ತೆ.

ಶಿವಮೊಗ್ಗ ಭಾವ, 7:33
ಒಪ್ಪಿದೆ. ಆದ್ರೆ ಹಾಗಾಗಿದ್ರೂ ಇಳಿಸಿದ್ದು ಪುಡಿ ಅಲ್ಲ.

ಚಿಕ್ಕಣ್ಣ, 7:35
ಇಷ್ಟೆಲ್ಲಾ ಯಾಕೆ? ಭಾಷೆ ನೋಡಿ. ನಮ್ಮ ಕಡೆ ಯಾರು ‘ರಕ್ತದ ಸಕ್ಕರೆಯ ಮಟ್ಟ’ ಅಂತಾರೆ? ಒಂದು ಒತ್ತಕ್ಷರವೂ ತಪ್ಪಿಲ್ಲ. ಎಐ ಬರೆದಿದ್ದು.

ಮೈಸೂರು ಅತ್ತಿಗೆ, 7:44
ಭಾಷೆ ನೆಚ್ಚಿಕೊಂಡ್ರೆ ನಿಜವಾದವರನ್ನೂ ಓಡಿಸ್ತೀವಿ. ಟ್ರಾನ್ಸ್‌ಲೇಟ್ ಮಾಡಿ ಹಾಕೋರು, ಇಂಗ್ಲಿಷ್ ಮೀಡಿಯಂ ಮಕ್ಕಳ ಕೈಲಿ ಬರೆಸೋರು ಎಲ್ಲರದ್ದೂ ಹೀಗೇ ಇರುತ್ತೆ. ಏನು ಬಿಟ್ಟಿದ್ದಾರೆ ಅಂತ ನೋಡು. ಮಾತ್ರೆ ನಿಲ್ಲಿಸಬಹುದಾ ಅಂತ ಕೇಳೋರು ಯಾವ ಮಾತ್ರೆ, ಎಷ್ಟು ಎಂಜಿ, ದಿನಕ್ಕೆ ಎಷ್ಟು ಸಲ ಅಂತ ಹೇಳಬೇಕು ತಾನೇ? ಇಲ್ಲಿ ಅದ್ಯಾವುದೂ ಇಲ್ಲ, ಊಟದ ಮುಂಚಿನ ರೀಡಿಂಗ್ ಇಲ್ಲ, ಡಾಕ್ಟರ್ ಏನಂದ್ರು ಇಲ್ಲ. ಪುಡಿಯ ಫಲ ಮಾತ್ರ ದಶಾಂಶದ ಸಮೇತ ಇದೆ.
ಇನ್ನೂ ಒಂದಿದೆ. ಪ್ರಶ್ನೆಯಲ್ಲಿ ಪುಡಿಯ ಹೆಸರೇ ಇಲ್ಲ. ಉತ್ತರ ಕೊಟ್ಟವರಿಗೆ ಅದು ಯಾವ ಪುಡಿ ಅಂತ ಹೇಗೆ ಗೊತ್ತಾಯ್ತು?

ಶಿವಮೊಗ್ಗ ಭಾವ, 7:46
ಇದು ನನ್ನ ಲೆಕ್ಕಕ್ಕಿಂತ ಗಟ್ಟಿ.

ದೊಡ್ಡತ್ತೆ, 7:50
ಹೌದಲ್ವಾ... ನಾನು ಗಮನಿಸಲೇ ಇಲ್ಲ. ಅದೂ ಅಕಸ್ಮಾತ್ ಆಗಿದ್ರೆ?

ಮೈಸೂರು ಅತ್ತಿಗೆ, 8:02
ಆಗಿರಬಹುದು, ಅದಕ್ಕೇ ಪರೀಕ್ಷೆ ಮಾಡಬೇಕು. ಸ್ಕ್ರೀನ್‌ಶಾಟ್‌ನಲ್ಲಿ ಆಗಲ್ಲ, ಲಿಂಕ್ ಬೇಕು. ಮೊದಲು ಉತ್ತರ ಕೊಟ್ಟವರ ಪ್ರೊಫೈಲ್ ತೆಗೆಯಿರಿ. ಕೇಳಿದವರದ್ದು ಆಮೇಲೆ, ಯಾಕಂದ್ರೆ ನಂಬರ್ ಇರೋದು ಉತ್ತರದಲ್ಲಿ. ಅವರ ಬೇರೆ ಉತ್ತರಗಳಲ್ಲೂ ಅದೇ ಪುಡಿ ಇದೆಯಾ? ಪ್ರಶ್ನೆಗೂ ಉತ್ತರಕ್ಕೂ ಎಷ್ಟು ಹೊತ್ತಿನ ಅಂತರ? ಐದು ನಿಮಿಷದಲ್ಲಿ ನಾಲ್ಕು ಪ್ಯಾರಾ ಬಂದಿದ್ರೆ ಅದು ಮೊದಲೇ ಬರೆದಿಟ್ಟಿದ್ದು. ಪ್ರಶ್ನೆಯ ಮಧ್ಯದಿಂದ ಎಂಟು ಹತ್ತು ಪದ ಹಾಗೇ ಎತ್ತಿ ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಇದೇ ಮಾತು ಬೇರೆ ಕಡೆ ‘ನನ್ನ ಮಾವ, 58 ವರ್ಷ’ ಅಂತ ಸಿಕ್ಕಿದ್ರೆ ಮುಗೀತು. ರಿಪೋರ್ಟ್ ಫೋಟೋನ ಗೂಗಲ್ ಲೆನ್ಸ್‌ಗೆ ಕೊಡಿ, ಅದೇ ಚಿತ್ರ ಬೇರೆ ಕಡೆ ಇದ್ರೆ ಹುಡುಕಿ ಕೊಡುತ್ತೆ. ಸ್ಯಾಂಪಲ್ ತೆಗೆದ ದಿನಾಂಕ ಕತ್ತರಿಸಿದ್ದಾರಾ, ಎರಡೂ ರಿಪೋರ್ಟ್ ಒಂದೇ ಲ್ಯಾಬಿನದ್ದಾ ನೋಡಿ.
ಉತ್ತರ ಹಳೇದಾಗಿದ್ರೆ ತಿದ್ದಿದ್ದಾರಾ ಅನ್ನೋದೂ ಮುಖ್ಯ. ಮೊದಲು ನಾಲ್ಕು ಒಳ್ಳೇ ಮಾತು ಬರೆದು ಜನರ ಮೆಚ್ಚುಗೆ ಗಳಿಸ್ತಾರೆ, ತಿಂಗಳಾದ ಮೇಲೆ ನಂಬರ್ ತುರುಕ್ತಾರೆ.

ಚಿಕ್ಕಣ್ಣ, 8:06
ಲಿಂಕ್ ಹುಡುಕಿದೆ. ಕೇಳಿದವರ ಪ್ರೊಫೈಲ್ ಖಾಲಿ! ಹೆಸರು ಸಮೇತ ಹಾಕಿ ‘ಫೇಕ್’ ಅಂತ ಎಲ್ಲಾ ಕಡೆ ಹರಡೋಣ.

ಮೈಸೂರು ಅತ್ತಿಗೆ, 8:11
ಬೇಡ. ಕಾಯಿಲೆ ವಿಷಯ ಕೇಳೋಕೆ ಅಂತಲೇ ಹೊಸ ಖಾತೆ ತೆರೆಯೋರು ಬಹಳ. ರೆಡಿಟ್ ಅನ್ನೋ ಚರ್ಚಾ ತಾಣದಲ್ಲಂತೂ 2025ರಿಂದ ಹಳೇ ಬರಹಗಳನ್ನ ಪ್ರೊಫೈಲ್‌ನಿಂದ ಮರೆಮಾಡಬಹುದು. ಖಾಲಿ ಇರೋದು ಸಾಕ್ಷಿ ಅಲ್ಲ. ಉತ್ತರ ಕೊಟ್ಟವರದ್ದು?

ಚಿಕ್ಕಣ್ಣ, 8:15
ಹನ್ನೊಂದು ಉತ್ತರ. ಮಂಡಿ ನೋವು, ಥೈರಾಯ್ಡ್, ಕೂದಲು, ಶುಗರ್. ಎಲ್ಲದರ ಕೊನೆಗೂ ಅದೇ ಫೋನ್ ನಂಬರ್.

ಶಿವಮೊಗ್ಗ ಭಾವ, 8:19
ಹಾಗಾದ್ರೆ ಆ ಉತ್ತರವನ್ನ ತಾಣಕ್ಕೆ ರಿಪೋರ್ಟ್ ಮಾಡು. ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಮಧುಮೇಹ ವಾಸಿ ಮಾಡ್ತೀವಿ ಅಂತ ಔಷಧಿಯ ಜಾಹೀರಾತು ಕೊಡೋದು 1954ರ ಕಾಯ್ದೆಯ ಪ್ರಕಾರ ಅಪರಾಧ. ಮಗಳೊಬ್ಬಳ ಪ್ರಶ್ನೆಯಾಗಿ ಬಂದ್ರೆ ಯಾರಿಗೂ ಅದು ಜಾಹೀರಾತು ಅನ್ನಿಸೋದೇ ಇಲ್ಲ, ಅದೇ ಇದರ ಅಪಾಯ. ಇಂಥ ಕೆಲವು ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಥರದ ಶುಗರ್ ಮಾತ್ರೆಯನ್ನೇ ಬೆರೆಸಿದ್ದು ಪತ್ತೆಯಾಗಿದೆ. ಈಗಾಗಲೇ ಮಾತ್ರೆ ತಗೊಳ್ಳೋರು ಅದನ್ನೂ ತಿಂದ್ರೆ ಶುಗರ್ ಒಮ್ಮೆಲೇ ಕುಸಿದು ಪ್ರಜ್ಞೆ ತಪ್ಪಬಹುದು.

ದೊಡ್ಡತ್ತೆ, 8:24
ಪ್ರಶ್ನೆ ಕೇಳಿದ ಹುಡುಗಿ ನಿಜವಾಗಲೂ ಇದ್ರೆ? ಅವಳಿಗೆ ಏನೂ ಹೇಳದೇ ಬಿಡೋದಾ?

ಮೈಸೂರು ಅತ್ತಿಗೆ, 8:30
ಇಲ್ಲ ಅತ್ತೆ, ಉತ್ತರ ಬರೆಯೋಣ. ಪುಡಿಯ ಹೆಸರು ಎತ್ತದೆ, ಅವಳನ್ನ ಸುಳ್ಳಿ ಅನ್ನದೆ: ‘ಮಾತ್ರೆಯನ್ನ ನೀವಾಗಿ ನಿಲ್ಲಿಸಬೇಡಿ. ಅದೇ ಲ್ಯಾಬಿನಲ್ಲಿ ಎಚ್‌ಬಿಎ1ಸಿ ಜೊತೆ ಹಿಮೋಗ್ಲೋಬಿನ್ ಕೂಡ ಪರೀಕ್ಷೆ ಮಾಡಿಸಿ. ಪುಡಿಯ ಡಬ್ಬಿಯನ್ನ ಡಾಕ್ಟರ್ ಹತ್ತಿರ ತಗೊಂಡು ಹೋಗಿ. ತಾಯಿಗೆ ಬೆವರು, ನಡುಕ, ಮಂಪರು ಕಂಡ್ರೆ ತಕ್ಷಣ ಶುಗರ್ ನೋಡಿ.’ ಕೇಳಿದವರು ಇಲ್ಲದಿದ್ರೂ ಆ ಪುಟ ಓದೋರು ಇದ್ದೇ ಇರ್ತಾರೆ.

ದೊಡ್ಡತ್ತೆ, 8:33
ಸರಿ. ನಾನು ಬೆಳಿಗ್ಗೆ ಭಜನೆ ಗ್ರೂಪಿಗೂ ಹಾಕಿಬಿಟ್ಟಿದ್ದೀನಿ.

ಚಿಕ್ಕಣ್ಣ, 8:34
ವಾಟ್ಸಾಪ್‌ನಲ್ಲಿ ಎರಡೂವರೆ ದಿನದೊಳಗೆ ‘ಎಲ್ಲರಿಗೂ ಅಳಿಸಿ’ ಆಗುತ್ತೆ. ಮೆಸೇಜ್ ಒತ್ತಿ ಹಿಡೀರಿ. ಅಳಿಸಿದ ಮೇಲೆ ಅತ್ತಿಗೆ ಬರೆದಿದ್ದನ್ನ ಅಲ್ಲಿ ಹಾಕಿ, ಓದಿದವರು ಆಗಲೇ ಓದಿರ್ತಾರೆ.